ಭಜನೆಯ ತಾಳಕ್ಕೆ ಒಂದು ಅಸ್ಸಾಮಿ ಹಾಡು

ಮಸ್ಕತ್ ಬಳಿ ಅಲ್ ಹೈಲ್‌ನಲ್ಲಿ, ಕನ್ನಡಿಗರೇ ತುಂಬಿದ್ದ ನಮ್ಮ ಫ್ಲ್ಯಾಟಿನಲ್ಲಿ ಅಸ್ಸಾಮಿನವನು ಒಬ್ಬನೇ ಇದ್ದ. ಅವನ ನಾಡಿನ ಅಚ್ಚುಮೆಚ್ಚಿನ ಗಾಯಕ ತೀರಿಕೊಂಡ ವಾರ, ಆ ಗಾಯಕನದೊಂದು ಹಾಡನ್ನು ನಮ್ಮ ಶುಕ್ರವಾರದ ಭಜನೆಯಲ್ಲಿ ಹಾಡಲೇಬೇಕೆಂದ. "ಆದರೆ ಹಿಮ್ಮೇಳ ಬೇಕು. ಒಂಟಿಯಾಗಿ ಹಾಡಿದರೆ ಅವರಿಗೆ ಅವಮಾನ."

ಡೈರಿಯಲ್ಲಿ ಗೆರೆ ಎಳೆದು ಎಣಿಸುತ್ತ, ಅವನ ಬಳಿಯಿದ್ದ ಹಳೆಯ ಕ್ಯಾಸೆಟ್ಟನ್ನು ಇಪ್ಪತ್ತಮೂರು ಸಲ ಹಿಂದಕ್ಕೆ ಓಡಿಸಿ, ಪಲ್ಲವಿಯನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಭಜನೆ ತಂಡದ ಒಂಬತ್ತು ಜನರಿಗೆ ಹಂಚಿದೆ.

"ಅರ್ಥ ಎಂತ ಮಾರಾಯ?" ಎಂದು ತಬಲಾದವರು ಕೇಳಿದರು.

"ಕೊಯ್ಲಿನ ಹಾಡಂತೆ. ಮೊದಲು ಬಾಯಿಗೆ ಬರಲಿ, ಯಲ್ಲಾ, ಬೇಗ ಬೇಗ!" ಎಂದೆ.

ಶುಕ್ರವಾರ ಎರಡನೇ ಸಾಲಿಗೇ ನಮ್ಮವರು ಅಭ್ಯಾಸಬಲದಿಂದ ತಾಳ ತಟ್ಟುತ್ತ ಹಾಡನ್ನು ಭಜನೆಯ ಓಟಕ್ಕೆ ಏರಿಸಿಬಿಟ್ಟರು. ಎಲ್ಲ ಕೆಟ್ಟಿತೆಂದು ತಲೆತಗ್ಗಿಸಿದೆ. ಅವನೋ ಕಣ್ಣೊರೆಸಿಕೊಂಡು, ನಮ್ಮ ಓಟಕ್ಕೇ ಸ್ವರ ಎತ್ತರಿಸಿದ. ಕೊನೆಯ ಪಲ್ಲವಿಗೆ, ಕೇಳಿ ಕೇಳಿಯೇ ಕಲಿತವರೂ ಸೇರಿ, ಮೂವತ್ತೊಂದು ಮಂದಿ ಎದ್ದು ನಿಂತು ಹಾಡುತ್ತಿದ್ದರು.