ಫೇಲ್ ಆಗದ ಆರ್ಲೀನ್

ನಮ್ಮ ಗುಂಪಿನಲ್ಲಿ ಫೇಲ್ ಆಗದವರು ಯಾರೂ ಇಲ್ಲ, ಆರ್ಲೀನ್ ಟಟ್ಲ್ ಒಬ್ಬಳನ್ನು ಬಿಟ್ಟು. ದಿಕ್ಕಿಲ್ಲದ ನಾಯಿಯನ್ನು ಮನೆಗೆ ತಂದು, ಮೈ ತುಂಬಿಸಿ, ಹೆದರಿಕೆ ಬಿಡಿಸಿ, ಒಳ್ಳೆಯ ಮನೆ ಸಿಕ್ಕಿದ ದಿನ ಕೊಟ್ಟುಬಿಡುವುದು ನಮ್ಮ ಕೆಲಸ. ಕೊಡಲು ಮನಸ್ಸು ಬಾರದೆ ತಾನೇ ಇಟ್ಟುಕೊಂಡವರು ಫೇಲ್. ಹಾಗೆ ಫೇಲಾದವರಿಗೆ ಒಂದು ಕೇಕ್ ಮಾಡಿಸುತ್ತೇವೆ, ಅದರ ಮೇಲೆ ಅವರ ಹೆಸರು, ನಾಯಿಯ ಹೆಸರು, ನಡುವೆ ದಪ್ಪಕ್ಷರದಲ್ಲಿ ‘ಫೇಲ್’ ಎಂದು ಸಕ್ಕರೆಯಲ್ಲಿ ಬರೆಸಿ. ನಾನು ಮೊದಲನೇ ನಾಯಿಗೇ ಫೇಲಾದವಳು. ಗುಂಪನ್ನು ನಡೆಸುವ ಗ್ಲೆಂಡಾ ಎಷ್ಟು ಸಲ ಫೇಲಾಗಿದ್ದಾಳೆಂದರೆ, ಅವಳ ಗಂಡ ಈಗ ಸೋಫಾದ ತುದಿಯಲ್ಲಿ ಅಂಗೈಯಗಲ ಜಾಗದಲ್ಲಿ ಕೂತು ಟೀವಿ ನೋಡುತ್ತಾನೆ.

ಆರ್ಲೀನ್ ನಮ್ಮೂರ ಶಾಲೆಯಲ್ಲಿ ಅಡುಗೆಯವಳಾಗಿದ್ದಳು. ನಾನು ಅದೇ ಶಾಲೆಯ ಬಸ್ ಓಡಿಸುತ್ತಿದ್ದೆ. ಓಹಾಯೊ ನದಿಯ ಈಚೆ ದಡದಲ್ಲಿ ಅವಳ ಕೈಯಿಂದ ಉಣ್ಣದ ಮಗು ಇರಲಿಲ್ಲ. ಮನೆಗೆ ಹೋದರೆ ಮಾತ್ರ ಒಂದೇ ತಟ್ಟೆ. ಮದುವೆ ಆಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇದ್ದ ಒಬ್ಬ ಅಣ್ಣ ತೀರಿಕೊಂಡ ಮೇಲೆ ಮಾತು ಇನ್ನೂ ಕಡಿಮೆಯಾಯಿತು. ಮಾತಿಗೂ ಉಪ್ಪಿನ ಹಾಗೆ ಅಳತೆ ಇಟ್ಟುಕೊಂಡಿದ್ದ ಹೆಂಗಸು.

ಅವಳನ್ನು ಗುಂಪಿಗೆ ಎಳೆದು ತಂದವಳು ನಾನೇ. ನನ್ನ ಲೆಕ್ಕ ಸುಲಭದ್ದು: ಒಂದು ನಾಯಿ ಬರುತ್ತದೆ, ಇವಳು ಫೇಲಾಗುತ್ತಾಳೆ, ಮನೆಯಲ್ಲಿ ಒಂದು ಜೀವ ಇರುತ್ತದೆ. ಆದರೆ ಆರ್ಲೀನ್ ಬಂದ ನಾಯಿಗಳನ್ನೆಲ್ಲ ಕೊಟ್ಟಳು. ಅದೂ ಎಂಥ ನಾಯಿಗಳು! ಕಚ್ಚುವುದು, ಕಿವಿ ಕೇಳದ್ದು, ಕಂಡಕಂಡಲ್ಲಿ ಉಚ್ಚೆ ಹೊಯ್ಯುವುದು, ಬೇರೆ ಯಾರೂ ಬೇಡವೆಂದದ್ದು. ಹೋಗುವ ನಾಯಿಯ ಜೊತೆ ಒಂದು ಟವಲ್ ಕೊಡುವುದು ನಮ್ಮಲ್ಲಿ ರೂಢಿ. ಅದನ್ನು ಮೊದಲೇ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಬೇಕು, ಹೊಸ ಮನೆಯಲ್ಲಿ ಮೂಗಿಗೆ ಗುರುತಿನವರ ವಾಸನೆ ಇರಲಿ ಎಂದು. ಆರ್ಲೀನಳ ಬೀರುವಿನ ಟವಲ್‌ಗಳೆಲ್ಲ ಹೀಗೇ ಊರೂರು ಸೇರಿದವು. ನಾಯಿಯನ್ನು ವ್ಯಾನಿಗೆ ಹತ್ತಿಸಿ, ಬಾಗಿಲು ಎಳೆದು, ಒಂದು ಸಲ ಮೇಲೆ ತಟ್ಟಿ ಒಳಗೆ ಹೋಗಿಬಿಡುತ್ತಿದ್ದಳು. ವ್ಯಾನ್ ಓಡಿಸುವವಳು ನಾನು. ನನಗೇ ಕಣ್ಣು ಮಂಜಾಗುತ್ತಿತ್ತು, ಅವಳ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಕಲ್ಲೆದೆಯವಳು ಎಂದು ಬೈದುಕೊಂಡದ್ದೂ ಉಂಟು.

ಆಮೇಲೆ ಡೀಕನ್ ಬಂದ.

ಕೆಂಟಕಿಯ ಗುಡ್ಡದ ಮೇಲೆ ಒಂಟಿ ಮುದುಕನೊಬ್ಬನ ಬೇಟೆನಾಯಿ. ಮುದುಕ ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ಯಾರೋ ಬಾಗಿಲು ತಳ್ಳಿ ನೋಡುವ ತನಕ ನಾಯಿ ಹೆಣದ ಪಕ್ಕದಲ್ಲೇ ಮಲಗಿತ್ತಂತೆ. ನಮ್ಮವರು ಒಬ್ಬೊಬ್ಬರು ಒಂದು ಗಂಟೆಯ ದಾರಿ ಓಡಿಸಿ, ಪೆಟ್ರೋಲ್ ಬಂಕಿನ ಅಂಗಳದಲ್ಲಿ ಮುಂದಿನವರ ಕೈಗೆ ಹಗ್ಗ ದಾಟಿಸುತ್ತಾ ನಾಯಿಗಳನ್ನು ಉತ್ತರಕ್ಕೆ ತರುತ್ತಾರೆ. ಕೊನೆಯ ಗಂಟೆ ನನ್ನದು. ಉದ್ದ ಕಿವಿ, ಜೋಲು ಗಲ್ಲ, ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ಬರುವ ಹಿರಿಯನ ಮುಖ. ಅದಕ್ಕೇ ಡೀಕನ್ ಎಂದು ಕರೆದೆ.

ಅವನು ಆರ್ಲೀನಳ ಮನೆ ಹೊಕ್ಕವನೇ ಬಟ್ಟೆ ಒಗೆಯುವ ಯಂತ್ರದ ಹಿಂದೆ ಸೇರಿಕೊಂಡ. ಹೊರಗೆ ಬರಲಿಲ್ಲ. ನಾನು ಒಂದು ಶನಿವಾರ ಹೋಗಿ ನೋಡಿದರೆ, ಇವಳು ಯಂತ್ರಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತು, ದಿನಸಿ ಅಂಗಡಿಯ ರಿಯಾಯಿತಿ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದಾಳೆ.

“ಏನೇ ಇದು, ಪ್ರಾರ್ಥನೆನಾ?” ಎಂದೆ.

“ಮುಖ ಕೊಟ್ರೆ ಹೆದರ್ತಾನೆ. ಬೆನ್ನು ಕೊಟ್ಟು ಕೂರ್ಬೇಕು. ದನಿ ಕೇಳ್ತಾ ಇರ್ಬೇಕು, ತಿರುಗಿ ನೋಡ್ಬಾರ್ದು.”

“ಬೈಬಲ್ ಓದಬಾರ್ದಾ? ಹೆಸರಿಗೆ ತಕ್ಕ ಹಾಗಿರುತ್ತೆ.”

“ಅದ್ರಲ್ಲಿ ಕೋಳಿ ತೊಡೆ ಎಲ್ಲಿದೆ?” ಎಂದು ಆರ್ಲೀನ್ ಮುಂದಿನ ಸಾಲಿಗೆ ಹೋದಳು. “ಕೋಳಿ ತೊಡೆ, ಎರಡು ಕೊಂಡ್ರೆ ಒಂದು ಬಿಟ್ಟಿ. ಕೆಂಪು ಆಲೂಗಡ್ಡೆ...”

ಎಲೆ ಉದುರಿ, ಮೊದಲ ಹಿಮ ಬಿದ್ದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು.

“ಬರ್ನಿಸ್, ಬಂದ ಕಣೇ.”

“ಯಾರು ಬಂದ?”

“ಮೆಲ್ಲಗೆ ಮಾತಾಡು. ಬೆನ್ನಿಗೆ ಒರಗಿಕೊಂಡು ಕೂತಿದಾನೆ. ಬಿಸಿ ಇದಾನೆ.”

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆ ಕಡೆ ಅವಳು ಮೂಗೆಳೆಯುವುದು ಕೇಳುತ್ತಿತ್ತು. ಮೆಲ್ಲಗೆ ಅಳುತ್ತಿದ್ದಳು, ನಾಯಿ ಅಲುಗದ ಹಾಗೆ.

ಆ ಚಳಿಗಾಲ ಆರ್ಲೀನ್ ಬೇರೆಯೇ ಹೆಂಗಸಾದಳು. ಫೋನಿನಲ್ಲಿ ಅವಳೇ ಮೊದಲು ಮಾತು ತೆಗೆಯುತ್ತಿದ್ದಳು: ಡೀಕನ್ ಹೀಗೆ ನೋಡಿದ, ಡೀಕನ್ ಗೊರಕೆ ಹೊಡೆದ, ಡೀಕನ್‌ಗೆ ಗೆಣಸು ಇಷ್ಟ. ಕೋಳಿ ತೊಡೆ ಇಬ್ಬರಿಗಾಗುವಷ್ಟು ತರುತ್ತಿದ್ದಳು. ನಾನು ಗ್ಲೆಂಡಾಗೆ, “ಈ ಸಲ ಫೇಲು, ಬರೆದಿಟ್ಕೋ” ಎಂದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ ಕೇಕ್‌ಗೂ ಹೇಳಿಟ್ಟೆವು.

ಅಷ್ಟರಲ್ಲಿ ಜೋಲೀನ್ ಎಂಬ ಅಂಚೆ ಹಂಚುವ ಹೆಂಗಸು ಡೀಕನ್‌ನನ್ನು ಕೇಳಿದಳು. ಅವಳ ಮುದಿ ಬೇಟೆನಾಯಿ ಸತ್ತುಹೋಗಿತ್ತು, ಅಂಗಳದ ಬೇಲಿ ಗಟ್ಟಿಯಾಗಿತ್ತು, ಹೇಳಲು ಒಂದು ಕೊಂಕೂ ಇರಲಿಲ್ಲ. ಸಾಕಿದವರಿಗೇ ಮೊದಲ ಹಕ್ಕು. ‘ನಾನೇ ಇಟ್ಕೋತೀನಿ’ ಎಂದರೆ ಮುಗಿಯಿತು. ಗ್ಲೆಂಡಾ ಕೇಳಿದಾಗ ಆರ್ಲೀನ್, “ಬಂದು ನೋಡ್ಲಿ” ಎಂದಳಷ್ಟೆ. ಎದುರಿಗೆ ಬಂದಾಗ ಕರಗುತ್ತಾಳೆ ಬಿಡು ಎಂದುಕೊಂಡು, ಆ ಶನಿವಾರ ಕೇಕನ್ನು ವ್ಯಾನಿನಲ್ಲಿ ಅಡಗಿಸಿಟ್ಟುಕೊಂಡೇ ಹೋದೆ.

ಜೋಲೀನ್ ಹಿತ್ತಲಿಗೆ ಬಂದವಳು ಡೀಕನ್ ಕಡೆ ನೋಡಲಿಲ್ಲ. ಕೈ ಚಾಚಲಿಲ್ಲ. ಹಸಿ ಹುಲ್ಲಿನ ಮೇಲೆ, ಅವನಿಗೆ ಬೆನ್ನು ಮಾಡಿ ಕೂತುಬಿಟ್ಟಳು. ಮನೆಮನೆಯ ನಾಯಿಗಳನ್ನು ದಾಟಿ ಬಂದ ಕಾಲು ಅವು. ಡೀಕನ್ ಆರ್ಲೀನಳ ಸ್ಕರ್ಟಿನ ಹಿಂದಿನಿಂದ ಬಹಳ ಹೊತ್ತು ನೋಡಿದ. ಹೋಗಿ ಮೂಸಿದ. ಓಡಿ ಬಂದ. ಮತ್ತೆ ಹೋದ. ಈ ಸಲ ಅಲ್ಲೇ ಕೂತ.

ನನಗೆ ಮೈ ಉರಿಯಿತು. ಆರ್ಲೀನಳ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

“ಬಾಯಿ ಬಿಡೇ! ಒಂದು ಮಾತು ಹೇಳು, ಅವಳನ್ನ ನಾನೇ ವಾಪಸ್ ಕಳಿಸ್ತೀನಿ.”

“ಕಾಫಿ ಕುಡೀತೀಯಾ?”

“ಕಾಫಿಗಿಷ್ಟು ಬೆಂಕಿ ಹಾಕ. ನಿಂಗೆ ಅವನು ಬೇಡ್ವಾ?”

“ಬೇಕು,” ಎಂದಳು ಆರ್ಲೀನ್. ಅಷ್ಟು ನೇರವಾಗಿ ಹೇಳುತ್ತಾಳೆಂದು ನಾನು ಎಣಿಸಿರಲಿಲ್ಲ.

“ಮತ್ತಿನ್ನೇನು?”

“ನಂಗೆ ಎಪ್ಪತ್ತೆಂಟು. ಅವನಿನ್ನೂ ಪ್ರಾಯದವನು. ಆ ಮುದುಕನ ಪಕ್ಕ ಮಲ್ಗಿ, ಈಗ ಏಳ್ತಾನೆ, ಈಗ ಏಳ್ತಾನೆ ಅಂತ ಕಾದೋನು ಕಣೇ ಅವನು. ಇನ್ನೊಂದ್ಸಲ ಕಾಯಿಸ್ಲಾ?”

“ನಾನಿಲ್ವಾ? ನಿಂಗೇನಾದ್ರೂ ಆದ್ರೆ ನಾನು ಕರ್ಕೊಂಡು ಹೋಗ್ತೀನಿ.”

“ನೀನು ಬರೋದು ಶನಿವಾರ,” ಎಂದಳು. ದೂರುವಂತೆ ಅಲ್ಲ, ದಿನಸಿ ಹಾಳೆ ಓದುವ ದನಿಯಲ್ಲೇ. “ನಾನು ಭಾನುವಾರ ಬಿದ್ರೆ?”

ಆರ್ಲೀನ್ ಮಲಗುವ ಕೋಣೆಗೆ ಹೋಗಿ ದಿಂಬಿನ ಕೆಳಗಿನಿಂದ ಟವಲ್ ತಂದಳು. ಮಡಿಕೆ ಬಿಚ್ಚಿ, ಮತ್ತೆ ಮಡಿಸಿ, ಹಿತ್ತಲಿಗೆ ಹೋಗಿ ಜೋಲೀನ್ ಕೈಗೆ ಕೊಟ್ಟಳು.

“ಇದನ್ನ ಒಗೀಬೇಡಮ್ಮ. ಅವನಾಗೇ ಇದನ್ನ ಬಿಟ್ಟಾಗ ಒಗಿ.”

“ಒಗೆಯಲ್ಲ,” ಎಂದಳು ಜೋಲೀನ್. “ನೀವು ಯಾವಾಗ ಬೇಕಾದ್ರೂ ಬನ್ನಿ, ನೋಡಿ.”

“ಬರಲ್ಲ. ಬಂದ್ರೆ ಅವನಿಗೆ ಗೊಂದಲ ಆಗುತ್ತೆ.”

ಡೀಕನ್‌ನನ್ನು ಜೋಲೀನ್ ಕಾರಿಗೆ ಹತ್ತಿಸಿ, ಬಾಗಿಲು ಎಳೆದು ಒಂದು ಸಲ ತಟ್ಟಿದಳು. ಡೀಕನ್ ಹಿಂದಿನ ಗಾಜಿಗೆ ಮೂಗು ಒತ್ತಿ ನೋಡುತ್ತಲೇ ಹೋದ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಆರ್ಲೀನ್, “ವ್ಯಾನಿನಲ್ಲಿ ಏನಿದೆಯೋ ತಾ. ಬಂದಾಗಿನಿಂದ ಆ ಕಡೆನೇ ನೋಡ್ತಿದೀಯ” ಎಂದಳು.

ತಂದಿಟ್ಟೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಕನ್ನಡಕ ಹಾಕಿಕೊಂಡು ಓದಿದಳು. ಚಾಕು ತಂದು ‘ಫೇಲ್’ ಎಂದಿದ್ದ ಭಾಗವನ್ನು ನನಗೆ ಕೊಯ್ದು ಕೊಟ್ಟಳು. “ನೀನೇ ತಿನ್ನು, ನಿಂಗೆ ಅಭ್ಯಾಸ ಇದೆ.” ಡೀಕನ್ ಹೆಸರಿನ ತುಂಡನ್ನು ಬಟ್ಟಲಲ್ಲಿ ಮುಚ್ಚಿ ಫ್ರೀಜರಿನಲ್ಲಿಟ್ಟಳು. ನನ್ನ ತುಂಡನ್ನು ಪೂರ್ತಿ ತಿಂದೆ.

ಆಮೇಲೆ ಗ್ಲೆಂಡಾ ಇನ್ನೊಂದು ನಾಯಿ ಕೊಡಲು ಹೋದರೆ, ಈ ತಿಂಗಳು ಬೇಡ ಎಂದಳಂತೆ. ಎಂದೂ ಹಾಗೆ ಅಂದವಳಲ್ಲ. ನಾನು ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಭಾನುವಾರ ಬಿದ್ದರೆ ಎಂಬ ಅವಳ ಆ ಮಾತು ಮುಳ್ಳಿನ ಹಾಗೆ ಒಳಗೇ ಇತ್ತು. ಶನಿವಾರಕ್ಕೆ ಕಾಯದೆ, ಭಾನುವಾರ ಬೆಳಿಗ್ಗೆ ಚರ್ಚ್ ಬಿಟ್ಟು ಅವಳ ಮನೆಗೆ ಓಡಿದೆ.

ಕರೆದರೆ ಉತ್ತರವಿಲ್ಲ. ಬಾಗಿಲು ತಳ್ಳಿದೆ. ಆಗ ಒಳಗಿನಿಂದ ದನಿ ಕೇಳಿತು.

“ಹಂದಿ ಸೊಂಟದ ಮಾಂಸ, ಭಾನುವಾರದವರೆಗೆ ಮಾತ್ರ. ಕೋಸು. ಗೆಣಸು...”

ಆರ್ಲೀನ್ ಬಟ್ಟೆ ಒಗೆಯುವ ಯಂತ್ರಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದಳು. ಯಂತ್ರದ ಹಿಂದೆ ನಾಯಿ ಇರಲಿಲ್ಲ. ಏನೂ ಇರಲಿಲ್ಲ. ಬಾಗಿಲಿನ ಸದ್ದಿಗೆ ದನಿ ಒಂದು ಚೂರು ತಡೆಯಿತು, ಆದರೆ ಅವಳು ತಿರುಗಲಿಲ್ಲ.

ನನ್ನ ಹಾಳು ಮಂಡಿಯನ್ನು ಬೈದುಕೊಂಡು, ಯಂತ್ರ ಹಿಡಿದು, ಅದಕ್ಕೂ ಅವಳಿಗೂ ನಡುವಿನ ಜಾಗದಲ್ಲಿ ಮೆಲ್ಲಗೆ ಇಳಿದು, ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತೆ. ನೆಲ ಕೊರೆಯುತ್ತಿತ್ತು. ಅವಳ ಬೆನ್ನು ಮೊದಲು ಬಿಗಿಯಾಗಿತ್ತು, ಆಮೇಲೆ ನಿಧಾನವಾಗಿ ನನ್ನ ಮೇಲೆ ಭಾರ ಬಿಟ್ಟಿತು. ಬಂದವಳು ಯಾರೆಂದು ನೋಡಲೂ ಅವಳು ತಿರುಗಲಿಲ್ಲ. ತಿರುಗಿದರೆ ಬಂದದ್ದು ಹೆದರಿ ಓಡಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾಳೆ ಮಗುಚಿ ಮುಂದಿನ ಪುಟ ಓದತೊಡಗಿದಳು.