ಪರಿವಿಡಿಯಲ್ಲಿ ಕಾಣದ ಹೊಲಗಳು

ಕ್ಯಾತಗಾನಚೆರ್ಲು ಸುತ್ತಿನ ಹೊಲಗಳ ಹೆಸರುಗಳ ಮೇಲೆ ನಾನು ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೆ. ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟ ಮೇಲೆ ಆ ನೆಲದ ಬದುಗಳು ಅಳಿಸಿಹೋಗಿದ್ದವು. ಹೆಸರುಗಳನ್ನೆಲ್ಲ ಹೇಳಿಕೊಟ್ಟವಳು ಅಲ್ಲೇ ಕಡ್ಲೆಕಾಯಿ ಬೆಳೆದು ಮಕ್ಕಳನ್ನು ಸಾಕಿದ ನನ್ನ ದೊಡ್ಡಮ್ಮ. ಬೇಲಿಯಾಚೆಯ ಪ್ಯಾನೆಲ್ಲುಗಳತ್ತ ಕೈ ತೋರಿಸಿ, "ಅದು ಹುಣಸೇಮರದ ಹೊಲ, ಅದರಾಚೆಗೆ ಕೆಂಪು ಮಣ್ಣಿಂದು ನಮ್ಮ ಎರ್ರಚೇನು" ಎನ್ನುತ್ತಿದ್ದಳು.

ಕಂಪ್ಯೂಟರಿನಲ್ಲಿ ನಾನು ತಾಲ್ಲೂಕು, ಹೋಬಳಿ, ಊರು, ದಿಕ್ಕು, ಮನೆತನ ಎಂದು ಒಂದರೊಳಗೊಂದು ಶೀರ್ಷಿಕೆ ಕೊಟ್ಟಿದ್ದೆ. ಹೊಲದ ಹೆಸರು ಬಂದದ್ದು ಆರನೆಯ ಹಂತದಲ್ಲಿ. ಪರಿವಿಡಿ ತಾನಾಗಿ ಮೂಡಿತು. ಅದರ ಪ್ರಿಂಟ್ ತೆಗೆದುಕೊಂಡು ಹೋಗಿ ದೊಡ್ಡಮ್ಮನ ಕೈಗೆ ಕೊಟ್ಟೆ. ಅವಳು ಅಕ್ಷರ ಕೂಡಿಸಿಕೊಂಡು ಓದಿದಳು.

"ಊರೇನೋ ಐತೆ. ಹೊಲ ಎಲ್ಲೈತಮ್ಮಾ?"

"ಒಳಗಿನ ಪುಟದಲ್ಲಿದೆ ದೊಡ್ಡಮ್ಮ."

"ಒಳಗೈತೆ ಅಂತ ಓದೋರಿಗೆ ಹೆಂಗೆ ಗೊತ್ತಾಗ್ತದೆ?"

ದನಿಯಲ್ಲಿ ಸಿಟ್ಟಿರಲಿಲ್ಲ. ಹಾಳೆಯನ್ನು ಮಡಿಚಿ ವಾಪಸು ಕೊಟ್ಟಳು. ಸಿರಾ ಬಸ್ಸಿನಲ್ಲಿ ಬರುವಾಗ ತಲೆಯಲ್ಲಿ ಅವಳ ಪ್ರಶ್ನೆಯೊಂದೇ ಇತ್ತು.

ಸಿರಾದ ಡಿಟಿಪಿ ಅಂಗಡಿಯವರು ನನ್ನ ಫೈಲ್ ತೆರೆದು ನೋಡಿದರು. "ಪರಿವಿಡಿ ಮೂರು ಹಂತ ಮಾತ್ರ ತೋರಿಸ್ತೈತೆ ಮೇಡಂ. ಆರು ಮಾಡ್ಬುಡೋಣ."

ಮಾಡಿದರು. ಹೊಲಗಳು ಬಂದವು. ಆದರೆ ಹಂತಕ್ಕೊಮ್ಮೆ ಬಲಕ್ಕೆ ಸರಿಯುತ್ತ ಹಾಳೆಯ ಅಂಚಿಗೆ ಹೋಗಿ, ಎರಡೆರಡು ಸಾಲಾಗಿ ಮುರಿದು ಕೂತಿದ್ದವು. ಅವನ್ನು ನೋಡುತ್ತ ಕುಳಿತೆ. ಹೊಲಕ್ಕೆ ಹೋಗುವವರು ಯಾರೂ ತಾಲ್ಲೂಕು, ಹೋಬಳಿ ಎಂದು ಲೆಕ್ಕ ಹಾಕುವುದಿಲ್ಲ, ಊರಿನಿಂದ ನೇರ ಹೊಲಕ್ಕೆ ಹೋಗುತ್ತಾರೆ. ಕಚೇರಿಯ ಕಾಗದದ ಕ್ರಮವನ್ನು ನಾನು ಯೋಚಿಸದೆ ಎತ್ತಿಕೊಂಡಿದ್ದೆ.

"ಊರು ಮೊದಲ ಹಂತ, ಅದರ ಕೆಳಗೆ ನೇರ ಹೊಲ. ಮಿಕ್ಕಿದ್ದೆಲ್ಲ ಕೋಷ್ಟಕಕ್ಕೆ ಹಾಕೋಣ," ಎಂದೆ.

"ಪೂರಾ ಕೆಲಸ ಮತ್ತೆ ಮಾಡ್ಬೇಕಾಯ್ತದೆ."

"ಮಾಡೋಣ."

ಒಂದೊಂದೇ ಶೀರ್ಷಿಕೆಯನ್ನು ಮೇಲಿನ ಹಂತಕ್ಕೆ ಏರಿಸಿದೆವು. ಕೆಲವು ಹೊಲಗಳು ಪಕ್ಕದೂರಿನ ಶೀರ್ಷಿಕೆಯಡಿ ಸೇರಿಬಿಟ್ಟವು, ಹುಡುಕಿ ವಾಪಸು ತಂದೆವು. ಪರಿವಿಡಿ ಉದ್ದವಾಯಿತೆಂದು ನನ್ನ ಮಾರ್ಗದರ್ಶಕರು ಆಕ್ಷೇಪಿಸಿದರು. ಕಾರಣ ಹೇಳಿದೆ. ಅರೆಮನಸ್ಸಿನಿಂದ ಒಪ್ಪಿದರು.

ಪ್ರಬಂಧ ಬೈಂಡ್ ಆಗಿ ಬರುವಷ್ಟರಲ್ಲಿ ದೊಡ್ಡಮ್ಮ ಸೊಂಟ ಮುರಿದುಕೊಂಡು ಮಧುಗಿರಿಯಲ್ಲಿ ಮಗಳ ಮನೆಯಲ್ಲಿ ಮಲಗಿದ್ದಳು. ಓದುವಷ್ಟು ಕಣ್ಣು ಕಾಣುತ್ತಿರಲಿಲ್ಲ. ಮಂಚದ ಪಕ್ಕ ಕುಳಿತು ನಾನೇ ಪರಿವಿಡಿ ಓದಿದೆ. ಒಂದೊಂದು ಹೆಸರನ್ನೂ ಅವಳು ತುಟಿಯಲ್ಲೇ ಹೇಳಿಕೊಂಡಳು. ಎರ್ರಚೇನು ಬಂದಾಗ ನನ್ನ ಕೈ ಹಿಡಿದಳು.

"ಅಲ್ಲೇ ಕಣಮ್ಮ ನಿಮ್ಮ ದೊಡ್ಡಪ್ಪ ಬಿದ್ದಿದ್ದು. ಕಡ್ಲೆಕಾಯಿ ಕೀಳ್ತಾ ಇದ್ವಿ. ನಾನು ಮುಂದಿನ ಸಾಲಿನಾಗಿದ್ದೆ, ತಿರುಗಿ ನೋಡ್ಲಿಲ್ಲ. ನೋಡೋ ಹೊತ್ತಿಗೆ ಹೋಗ್ಬುಟ್ಟಿದ್ರು."

ಅಷ್ಟು ವರ್ಷ ಅವಳಿಂದ ಹೊಲಗಳ ಹೆಸರು ಕೇಳಿ ಬರೆದುಕೊಂಡಿದ್ದೆ. ಈ ಮಾತನ್ನು ಅವಳು ಎಂದೂ ಆಡಿರಲಿಲ್ಲ. ಇನ್ನೊಂದು ಕೈಯ ಬೆರಳನ್ನು ಆ ಸಾಲಿನ ಮೇಲೆ ಇಟ್ಟುಕೊಂಡೆ. ಅವಳೇ ಕೈ ಬಿಟ್ಟಳು.

"ಊಂ, ಮುಂದಕ್ಕೆ ಓದು," ಎಂದಳು.

ನಾನು ಮುಂದಿನ ಹೊಲದ ಹೆಸರು ಓದಿದೆ.