ಪಾಲಾದ ಪಾಂಡವರು

ನಮ್ಮ ಮನೆಯಲ್ಲಿ ಪಾಂಡವರನ್ನೂ ಪಾಲು ಮಾಡಿಕೊಂಡರು. ತಮಾಷೆಗೆ ಹೇಳುತ್ತಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಮತ್ತು ದೊಡ್ಡಪ್ಪ ಇಟ್ಟಿಗಿ ಹತ್ತಿರದ ಹೊಲವನ್ನು ಭಾಗ ಮಾಡಿಕೊಂಡಾಗ ಹೊಸ ಬದು ಸರಿಯಾಗಿ ಬನ್ನಿ ಮರದ ಬುಡಕ್ಕೇ ಬಂದು ನಿಂತಿತು. ಆ ಮರದ ಕೆಳಗೆ ಆರು ಕಲ್ಲುಗಳಿದ್ದವು. ಎಳ್ಳಮವಾಸ್ಯೆಯ ದಿನ ಐದಕ್ಕೆ ಸುಣ್ಣ ಹಚ್ಚಿ ಸಾಲಾಗಿ ಇಟ್ಟರೆ ಅವು ಪಾಂಡವರು. ಆರನೆಯದನ್ನು ಸುಣ್ಣವಿಲ್ಲದೆ ಅವರ ಬೆನ್ನ ಹಿಂದೆ ಇಟ್ಟರೆ ಅದು ಕಳ್ಳ. ಪೈರು ಕಾಯುವವರಿಗೂ ಒಂದು ತುತ್ತು, ಕದಿಯುವವನಿಗೂ ಒಂದು ತುತ್ತು ಎಂದು ನಮ್ಮ ಹಿರಿಯರು ಇಬ್ಬರಿಗೂ ಎಡೆ ಹಿಡಿಯುತ್ತಿದ್ದರು.

ಐದನ್ನು ಇಬ್ಬರಿಗೆ ಹಂಚುವುದು ಹೇಗೆ? ಪಂಚರು ಒಂದು ಮಧ್ಯಾಹ್ನವೆಲ್ಲ ತಲೆ ಕೆಡಿಸಿಕೊಂಡು, ಎರಡು ಸಲ ಚಹಾ ಕುಡಿದು ತೀರ್ಪು ಕೊಟ್ಟರು. ಹಿರಿಯ ಎಂದು ದೊಡ್ಡಪ್ಪನಿಗೆ ಮೂವರು ಪಾಂಡವರು. ಅಪ್ಪನಿಗೆ ಇಬ್ಬರು ಪಾಂಡವರು ಮತ್ತು ಕಳ್ಳ. ಕಲ್ಲಿನ ಲೆಕ್ಕದಲ್ಲಿ ಮೂರು ಮೂರು, ಯಾರಿಗೂ ಅನ್ಯಾಯವಿಲ್ಲ.

"ನನಗ ಕಳ್ಳನ್ನ ಕೊಟ್ಟಾರ," ಎಂದು ಅಪ್ಪ ವರ್ಷವಿಡೀ ಕಂಡಕಂಡವರ ಮುಂದೆ ಗೋಳಾಡಿದ. ಮುಂದಿನ ಎಳ್ಳಮವಾಸ್ಯೆಗೆ ಬೆಳಿಗ್ಗೆಯೇ ಹೋಗಿ ಕಳ್ಳನಿಗೂ ದಪ್ಪಗೆ ಸುಣ್ಣ ಬಳಿದು ಸಾಲಿನಲ್ಲಿ ಕೂರಿಸಿಬಿಟ್ಟ. ಅದನ್ನು ನೋಡಿದ ದೊಡ್ಡಪ್ಪ ಸಂತೆಯಲ್ಲಿ ನಿಂತು ಹೇಳಿದ್ದು ಇಷ್ಟು: "ನಮ್ಮ ತಮ್ಮ ಕಳ್ಳಗ ಸುಣ್ಣಾ ಬಳದು ಧರ್ಮರಾಯನ್ನ ಮಾಡ್ಯಾನ ನೋಡ್ರಿ!" ಅಂದಿನಿಂದ ನಮ್ಮ ಬದುವಿನ ಮೇಲೆ ಪಾಂಡವರು ಆರು ಮಂದಿ, ಮತ್ತು ಅಣ್ಣತಮ್ಮಂದಿರ ನಡುವೆ ಮಾತು ಬಂದ್.

ಬರೀ ಅವರಿಬ್ಬರ ಮಾತು ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅವ್ವ ಮತ್ತು ದೊಡ್ಡವ್ವ ಚಿಗಟೇರಿಯ ಒಂದೇ ಮನೆಯ ಅಕ್ಕತಂಗಿಯರು, ಒಂದೇ ಹಂದರದಲ್ಲಿ ಅಣ್ಣತಮ್ಮಂದಿರಿಗೆ ಕೊಟ್ಟವರು. ಅಪ್ಪ ಅವ್ವನಿಂದ ಆಣೆ ಮಾಡಿಸಿದ. ಆ ಮನೆಯವರ ಜೊತೆ ಒಂದು ಮಾತು ಆಡಿದರೂ, ಮಕ್ಕಳ ಕೈಯಲ್ಲಿ ಹೇಳಿ ಕಳಿಸಿದರೂ ತನ್ನ ಹೆಣ ನೋಡಿದಂತೆ. ಗೋಡೆಯಾಚೆ ದೊಡ್ಡಪ್ಪನೂ ದೊಡ್ಡವ್ವನಿಂದ ಅದೇ ಆಣೆ ಮಾಡಿಸಿದ್ದನಂತೆ, ಅಕ್ಷರ ಅಕ್ಷರ ಅದೇ. ಆ ಒಂದು ವಿಷಯದಲ್ಲಿ ಅಣ್ಣತಮ್ಮಂದಿರ ಒಮ್ಮತ ನೋಡುವಂತಿತ್ತು.

ಎರಡು ವರ್ಷ ಅಕ್ಕತಂಗಿಯರು ಒಂದೇ ಗೋಡೆಯ ಆಚೆ ಈಚೆ ರೊಟ್ಟಿ ಬಡಿದರು. ಆಚೆಯ ಸದ್ದು ನಿಂತರೆ ಅವ್ವನ ಕೈಯೂ ಒಂದು ಗಳಿಗೆ ನಿಲ್ಲುತ್ತಿತ್ತು.

ಎರಡನೆಯ ವರ್ಷ ದೀಪಾವಳಿ ಮುಗಿದ ಮೇಲೆ ಚಿಗಟೇರಿಯ ಅಜ್ಜಿ ತೀರಿಕೊಂಡಳು. ಅಜ್ಜಿಗೆ ಹುಷಾರಿಲ್ಲವೆಂದು ತಿಳಿದು ದೊಡ್ಡವ್ವ ಹಿಂದಿನ ದಿನವೇ ಹೋಗಿದ್ದಳು, ಅಜ್ಜಿಯ ಬಾಯಿಗೆ ಕೊನೆಯ ನೀರು ಬಿಟ್ಟವಳು ಅವಳೇ. ನಮಗೆ ಹರಪನಹಳ್ಳಿಯಲ್ಲಿ ಬಸ್ಸು ತಪ್ಪಿತು. ಮುಟ್ಟುವ ಹೊತ್ತಿಗೆ ಜೀವ ಹೋಗಿತ್ತು. ಅಕ್ಕ ಹೆಣದ ಆ ಕಡೆ, ತಂಗಿ ಈ ಕಡೆ ಕೂತು ಅತ್ತರು. ಕಟ್ಟೆಯ ಮೇಲೆ ಅಪ್ಪ, ದೊಡ್ಡಪ್ಪ ಇಬ್ಬರೂ ತಂತಮ್ಮ ಹೆಂಡತಿಯರನ್ನು ಕಾಯುತ್ತ ಕೂತಿದ್ದರು, ಎಲ್ಲಿ ದುಃಖದಲ್ಲಿ ಬಾಯಿ ತಪ್ಪಿ ಮಾತು ಹೊರಬೀಳುತ್ತದೋ ಎಂದು. ನನಗೆ ಅವರಿಬ್ಬರ ಮೇಲೆ ಅಂದು ಹುಟ್ಟಿದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಅವ್ವನಿಗೆ ಬೇಕಾಗಿದ್ದುದು ಒಂದೇ. ಕೊನೆಗೆ ಅಜ್ಜಿ ಏನಂದಳು? ತನ್ನನ್ನು ನೆನೆದಳೇ? ಅದನ್ನು ಬಲ್ಲವಳು ಒಬ್ಬಳೇ, ಅವಳನ್ನು ಕೇಳುವಂತಿಲ್ಲ. ಅವ್ವ ಊಟದ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದಳು. ಹಡಗಲಿಯಲ್ಲಿ ಪಿಯುಸಿ ಓದುತ್ತಿದ್ದ ನಾನು, "ಆಣಿ ಗೀಣಿ ಎಲ್ಲಾ ಸುಳ್ಳವ್ವ, ಹೋಗಿ ಕೇಳು," ಎಂದೆ. "ನಿಮ್ಮಪ್ಪಗ ನಾಳಿ ಒಂದು ಮುಳ್ಳು ಚುಚ್ಚಿದ್ರೂ ನನ್ನ ಮನಸ್ಸು ನನ್ನ ಬಿಡಂಗಿಲ್ಲ," ಎಂದಳು. ಅಂಥ ಗಂಡನಿಗೆ ಅಂಥ ಭಕ್ತಿ.

ಎಳ್ಳಮವಾಸ್ಯೆ ಬಂತು. ಊರಿನವರೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೊರಟರು. ನಾವು ನಡೆದೇ ಹೋದೆವು, ಏಕೆಂದರೆ ಪಾಲಿನಲ್ಲಿ ಬಂಡಿ ದೊಡ್ಡಪ್ಪನಿಗೆ ಹೋಗಿತ್ತು, ಎತ್ತು ನಮಗೆ ಬಂದಿದ್ದವು. ಅಪ್ಪ ಕೋಡಿಗೆ ಬಣ್ಣ ಬಳಿದ ಎತ್ತುಗಳನ್ನು ಬರಿಗೊರಳಲ್ಲಿ ಹೊಡೆದುಕೊಂಡು ಮುಂದೆ ನಡೆದ. ದೊಡ್ಡಪ್ಪನ ಮನೆ ಮುಂದೆ ಬಂಡಿ ಮೂಕಿ ನೆಲಕ್ಕೂರಿ ಹಬ್ಬಕ್ಕೆಂದು ತೊಳೆಸಿಕೊಂಡು ನಿಂತಿತ್ತು. ಅವ್ವನ ತಲೆಯ ಮೇಲೆ ಬುಟ್ಟಿ, ನೂರು ಹೆಜ್ಜೆ ಹಿಂದೆ ದೊಡ್ಡವ್ವನ ತಲೆಯ ಮೇಲೂ ಅಂಥದೇ ಬುಟ್ಟಿ. ಎರಡರಲ್ಲೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಡುಬು, ಗುರೆಳ್ಳು ಚಟ್ನಿ. ಚಿಗಟೇರಿಯಲ್ಲಿ ಒಂದೇ ಕೈ ಇಬ್ಬರಿಗೂ ಕಲಿಸಿದ ಅಡುಗೆ.

ಮರದ ಬುಡದ ಈಚೆ ನಮ್ಮ ಮೂವರು, ಆಚೆ ಅವರ ಮೂವರು. ಪೂಜೆಯಾಯಿತು. ಅಪ್ಪ ಕೈ ಮುಗಿದು ದೊಡ್ಡ ದನಿಯಲ್ಲಿ, "ಮನಿತನ ಒಗ್ಗಟ್ಟಾಗಿ ಇರಂಗ ನೋಡಿಕೋ ತಾಯಿ," ಎಂದ. ಆಚೆಯಿಂದ ದೊಡ್ಡಪ್ಪ ಅದಕ್ಕಿಂತ ದೊಡ್ಡ ದನಿಯಲ್ಲಿ ಅದನ್ನೇ ಬೇಡಿದ. ಭೂಮಿತಾಯಿಗೆ ನಗು ಬಂದಿರಬೇಕು.

ಆಮೇಲೆ ಚರಗ. ಎಡೆಯ ಅಡುಗೆಯನ್ನೆಲ್ಲ ಕಲಸಿ, ಪೈರಿನ ನಡುವೆ ಚೆಲ್ಲುತ್ತ ಹೋಗುವುದು. ಇದಕ್ಕೆ ಇಬ್ಬರು ಬೇಕು. ಮುಂದಿನವನು ಚರಗ ಚೆಲ್ಲಿ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವನು ನೀರು ಚಿಮುಕಿಸಿ "ಚಲ್ಲಂಬ್ರಿಗೋ" ಎನ್ನಬೇಕು. ಈ ಮಾತುಗಳ ಅರ್ಥ ಊರಿನಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ. ಆದರೆ ಓಗೊಡದಿದ್ದರೆ ಭೂಮಿತಾಯಿ ಉಣ್ಣುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮೊದಲೆಲ್ಲ ದೊಡ್ಡಪ್ಪ ಕೂಗುತ್ತಿದ್ದ, ಅಪ್ಪ ಓಗೊಡುತ್ತಿದ್ದ. "ನಾನು ಅಂತೀನಿ ಬಿಡಪ್ಪ," ಎಂದರೆ ಹೆಣ್ಣುಮಕ್ಕಳು ಅನ್ನಬಾರದು ಎಂದು ಅಪ್ಪ ನನ್ನನ್ನು ಕೂರಿಸಿದ.

ಹಾಗಾಗಿ ಅಪ್ಪ ಒಬ್ಬನೇ ಎರಡೂ ಕೆಲಸ ಮಾಡುತ್ತಿದ್ದ. "ಹುಲ್ಲುಲ್ಲಿಗೋ" ಎಂದು ಚೆಲ್ಲಿ, ಬುಟ್ಟಿ ಇಳಿಸಿ, ತಂಬಿಗೆ ಎತ್ತಿಕೊಂಡು, ನಾಲ್ಕು ಹೆಜ್ಜೆ ಹಿಂದಕ್ಕೆ ಓಡಿ, ತನಗೆ ತಾನೇ "ಚಲ್ಲಂಬ್ರಿಗೋ" ಎಂದು ಓಗೊಟ್ಟು, ಮತ್ತೆ ಮುಂದಕ್ಕೆ ಓಡಿ ಬುಟ್ಟಿ ಎತ್ತುವುದು. ಬದುವಿನ ಆಚೆ ಜೋಳದ ತೆನೆಗಳ ಮೇಲೆ ದೊಡ್ಡಪ್ಪನ ರುಮಾಲೂ ಹಾಗೇ ಮುಂದೆ ಹಿಂದೆ ಓಡಾಡುತ್ತಿತ್ತು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಒಮ್ಮೆ ಅಪ್ಪ "ಹುಲ್ಲುಲ್ಲಿಗೋ" ಎಂದು ಬುಟ್ಟಿ ಇಳಿಸುವಷ್ಟರಲ್ಲಿ ಮರದ ಆಚೆಯಿಂದ "ಚಲ್ಲಂಬ್ರಿಗೋ!" ಎಂದು ಹೆಂಗಸಿನ ದನಿ ಬಂತು. ದೊಡ್ಡವ್ವ! ಅಪ್ಪ ತಂಬಿಗೆ ಹಿಡಿದು ನಿಂತಲ್ಲೇ ನಿಂತ. ಬೈಯಬೇಕೆಂದರೆ ಮಾತಾಡಬೇಕು, ಮಾತಾಡಿದರೆ ತಾನು ಮಾಡಿಸಿದ ಆಣೆಯನ್ನು ತಾನೇ ಮುರಿದಂತೆ. ಅಷ್ಟರಲ್ಲಿ ಆಚೆ ಹೊಲದಲ್ಲಿ ದೊಡ್ಡಪ್ಪ "ಹುಲ್ಲುಲ್ಲಿಗೋ" ಎಂದ. ನನ್ನ ಪಕ್ಕದಲ್ಲಿ ಕೂತಿದ್ದ ಅವ್ವ ಎದ್ದು ನಿಂತು, ಹೊಲ ತುಂಬುವಂತೆ "ಚಲ್ಲಂಬ್ರಿಗೋ!" ಎಂದಳು.

ಅವ್ವ ನನ್ನ ಮುಖ ನೋಡಿದಳು. ಅವಳಿಗೆ ಏನೋ ಹೊಳೆದಿತ್ತು. ಒಂದು ಸಜ್ಜೆ ರೊಟ್ಟಿ ತೆಗೆದುಕೊಂಡು ಹೋಗಿ ಮರದ ಬುಡದಲ್ಲಿ ಕೂತಳು. ಆಚೆ ಬದಿಗೆ ದೊಡ್ಡವ್ವನೂ ಬಂದು ಕೂತಳು. ಅವ್ವ ರೊಟ್ಟಿ ಮುರಿದು ಅರ್ಧವನ್ನು ಬುಡಕ್ಕಿಟ್ಟು ನೆಲದ ಜೊತೆ ಮಾತಾಡಿದಳು.

"ಭೂಮ್ತಾಯಿ, ನಮ್ಮವ್ವ ಮಾಡಿದಂಗ ಮಾಡೀನಿ. ತಿಂದು ನೋಡು."

ಆ ಅರ್ಧ ರೊಟ್ಟಿ ಬುಡದಿಂದ ಆಚೆ ಹೋಯಿತು. ದೊಡ್ಡವ್ವ ತನ್ನ ಪಾಲಿನ ಪಾಂಡವರಿಗೆ ಹೇಳಿದಳು: "ಎಳ್ಳು ಸರಿ ಬಿದ್ದೈತ್ರಪ್ಪ. ಉಪ್ಪು ಒಂಚೂರು ಕಡಿಮಿ."

"ಯಾರ ಜೋಡಿ ಮಾತಾಡಾಕತ್ತೀಲೇ?" ಎಂದು ಅಪ್ಪ ಜೋಳದ ನಡುವಿನಿಂದ ಕೂಗಿದ.

"ಭೂಮ್ತಾಯಿ ಜೋಡಿರಿ. ಅದಕ್ಕೂ ಆಣಿ ಐತೇನು?"

ಅಪ್ಪ ಬುಟ್ಟಿಯನ್ನು ನೆಲಕ್ಕಿಟ್ಟ. ಆಚೆಯ ರುಮಾಲೂ ಓಡಾಟ ನಿಲ್ಲಿಸಿ ನಿಂತಿತ್ತು. ತಾವೇ ಕಟ್ಟಿದ ಬೇಲಿಯ ಕಿಂಡಿಯನ್ನು ಇಬ್ಬರೂ ಅಂದೇ ಮೊದಲು ಕಂಡರು.

ಅವ್ವ ಸುಣ್ಣ ಹಚ್ಚಿಸಿಕೊಂಡ ಕಳ್ಳನ ತಲೆಯ ಮೇಲೆ ಕೈ ಇಟ್ಟಳು. "ಭೂಮ್ತಾಯಿ, ಅವ್ವ ಹೋಗುವಾಗ ಏನಂದ್ಲು? ನನ್ನ ನೆನಸಿದ್ಲೇನು? ನಿನಗ ಗೊತ್ತಿದ್ರ ಹೇಳು ನನ್ನವ್ವ."

ಆಚೆ ದೊಡ್ಡವ್ವ ಮೂಗು ಸೀಟಿಕೊಂಡು ಕಲ್ಲುಗಳಿಗೆ ಹೇಳಿದಳು: "ಮಾತು ನಿಲ್ಲೂತನ ಒಂದಾ ಕೇಳಿದ್ಲು ನೋಡ್ರಪ್ಪ. ಸಣ್ಣಾಕಿ ಬಸ್ನ್ಯಾಗ ಬರಾಕತ್ತಾಳ ಅಂದ್ವಿ. ಉಂಡು ಹೊಂಟಾಳೋ ಹಂಗಾ ಹೊಂಟಾಳೋ ಕೇಳ್ರಿ ಅಂದ್ಲು. ಸಣ್ಣಾಕಿ ಉಂಡ್ಲೇನು, ಸಣ್ಣಾಕಿ ಉಂಡ್ಲೇನು ಅಂತ, ಅಷ್ಟಾ."

ಇಬ್ಬರೂ ಅತ್ತರು, ಈ ಸಲ ಒಂದೇ ಮರಕ್ಕೆ ಒರಗಿ. ನನಗೂ ಅಳು ಬಂತು. ಮುಚ್ಚಿಕೊಳ್ಳಲು ಹೋಗಲಿಲ್ಲ.

ಅಣ್ಣತಮ್ಮಂದಿರು ಅಂದು ಒಂದಾದರು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ಅವರಿಗೆ ಮಾತು ಬಂದದ್ದು ಇನ್ನೂ ಮೂರು ವರ್ಷದ ಮೇಲೆ, ಅದೂ ಎತ್ತು ಬಂಡಿ ಎರಡೂ ಮಾರಿ ಜಗಳಕ್ಕೆ ಏನೂ ಉಳಿಯದಿದ್ದಾಗ. ಈಗ ಇಬ್ಬರೂ ಬೀಗರ ಮುಂದೆ, "ನಮ್ಮದು ಒಗ್ಗಟ್ಟಿನ ಮನಿತನ್ರಿ," ಎಂದು ಮೀಸೆ ತಿರುವುತ್ತಾರೆ.

ಅಂದು ಚರಗ ಮುಗಿಸಿ ಅಪ್ಪ ಬಂದು ಕಾಲು ಚಾಚಿ ಕೂತ. "ಹಸಿವಾಗೈತಿ, ನನಗ ಎಡಿ ಮಾಡು," ಎಂದ. ಅವ್ವ ಮರದ ಬುಡದಲ್ಲಿ ಕೂತು ತೊಡೆಯ ಮೇಲೆ ರೊಟ್ಟಿ ಇಟ್ಟುಕೊಂಡಿದ್ದಳು. ಎರಡನೆಯದು ಮುಗಿದು ಮೂರನೆಯದಕ್ಕೆ ಪುಂಡಿಪಲ್ಯ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಬುಟ್ಯಾಗ ಐತಿ, ಹಾಕ್ಕೊಂಡು ಉಣ್ರಿ," ಎಂದಳು. "ನಾನು ಉಣ್ಣಾಕತ್ತೀನಿ."